ಕೂದಲೆಳೆ ಎಳೆದ ಹಳದಿ ಗೆರೆ

ಗ್ಯಾರೇಜು ನನ್ನದು, ಬಾಗಿಲು ನನ್ನದು, ಅದರ ಚಿಲಕ ನಾನೇ ಬಡಿದು ಕೂರಿಸಿದ್ದು. ಆ ಚಿಲಕವನ್ನು ಒಳಗಿನಿಂದ ಹಾಕಿಕೊಂಡು ನನ್ನನ್ನೇ ಹೊರಗೆ ನಿಲ್ಲಿಸಿದ ನನ್ನ ಷಡ್ಡಕ. ಇದಾಗಿ ಹನ್ನೊಂದು ವರ್ಷವಾಯಿತು. ಅವನು ಈಗ ಇಲ್ಲ. ಹೋದವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಟ್ಟುಕೊಳ್ಳಬಾರದು, ಸರಿ, ತಾನಾಗಿ ಬಂದು ಕೂತದ್ದನ್ನು ಎಲ್ಲಿಗೆ ಕಳಿಸಲಿ? ಆ ಚಿಲಕ ಬಿದ್ದ ಸದ್ದು ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅವನು ನನ್ನ ಹೆಂಡತಿಯ ಅಕ್ಕನ ಗಂಡ, ನನಗಿಂತ ಹನ್ನೆರಡು ವರ್ಷ ದೊಡ್ಡವನು. ಎದುರಿಗೆ ‘ಅಣ್ಣ’, ‘ನೀವು’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವಾಗಲೂ ‘ಅವನು’. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಸುಳ್ಳು ಮರ್ಯಾದೆ ಬೇಡ. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕೂದಲೆಳೆ ಎಂದು. ಎರಡು ಹಲ್ಲುಗಾಲಿಗಳ ನಡುವೆ ಎಷ್ಟು ಸಂದು ಬಿಡಬೇಕು ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: “ಒಂದು ಕೂದಲೆಳೆ.” ಚಹಾಕ್ಕೆ ಸಕ್ಕರೆ ಎಷ್ಟು ಎಂದರೂ “ಒಂದು ಕೂದಲೆಳೆ.” ಅವನ ತಲೆಯ ಮೇಲೆ ಮಾತ್ರ ದೀಪ ಹಚ್ಚಿ ಹುಡುಕಿದರೂ ಒಂದು ಎಳೆ ಸಿಗುತ್ತಿರಲಿಲ್ಲ. ಅದನ್ನೂ ಮೊದಲು ಹೇಳಿ ನಗುತ್ತಿದ್ದವನು ಅವನೇ.

ಅವನ ಕೆಲಸ ಏನೆಂದು ಹೇಳಬೇಕು. ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ, ಹೊಟ್ಟೆಯಡಿಯಲ್ಲಿ, ಬಿಂದಿಗೆಯಷ್ಟು ದಪ್ಪದ ಒಂದು ಉಕ್ಕಿನ ಗೂಡು ಇರುತ್ತದೆ. ಅದೇ ಡಿಫರೆನ್ಷಿಯಲ್. ಇಂಜಿನ್ನಿನ ಬಲ ಉದ್ದನೆಯ ದಂಡದಲ್ಲಿ ಬಂದು ಅಲ್ಲಿ ಅಡ್ಡ ತಿರುಗಿ ಎರಡೂ ಚಕ್ರಕ್ಕೆ ಹಂಚಿಕೆಯಾಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಉರುಳಬೇಕು, ಒಳಗಿನದು ಕಡಿಮೆ. ಆ ಪಂಚಾಯಿತಿ ಮಾಡುವುದೂ ಅದೇ. ಗೂಡಿನೊಳಗೆ ಊಟದ ತಟ್ಟೆಯಷ್ಟು ಅಗಲದ ಹಲ್ಲುಗಾಲಿ, ಹೆಸರು ಕ್ರೌನ್. ಅದನ್ನು ಕಚ್ಚಿಕೊಂಡು ತಿರುಗುವ ಚಿಕ್ಕದು ಪಿನಿಯನ್. ಇವೆರಡೂ ಸರಿಯಾಗಿ ಕಚ್ಚಿದರೆ ಸದ್ದೇ ಇಲ್ಲ. ತುಸು ತಪ್ಪಿದರೆ ಗಾಡಿ ಅಳುತ್ತದೆ. ಇನ್ನಷ್ಟು ತಪ್ಪಿದರೆ ಹಲ್ಲು ಉದುರುತ್ತದೆ. ಆ ಸಂದನ್ನು ಹೊಂದಿಸುವುದು ಶಿಮ್ ಎಂಬ ಉಕ್ಕಿನ ಬಳೆಗಳಿಂದ, ಎಡಕ್ಕೊಂದು, ಬಲಕ್ಕೊಂದು. ಬಳೆ ಎಷ್ಟು ದಪ್ಪ ಇರಬೇಕು ಎನ್ನುವುದರಲ್ಲೇ ಇಡೀ ವಿದ್ಯೆ ಇದೆ.

ನನ್ನ ಗ್ಯಾರೇಜಿನಲ್ಲಿ ಇಂಜಿನ್ ನನ್ನದು, ಗೇರ್ ಬಾಕ್ಸ್ ನನ್ನದು, ಬ್ರೇಕ್ ನನ್ನದು, ಕೂಗಾಟವೂ ನನ್ನದೇ. ಡಿಫರೆನ್ಷಿಯಲ್ ಮಾತ್ರ ಅವನದು. ಹತ್ತೊಂಬತ್ತು ವರ್ಷದಲ್ಲಿ ಅವನು ಕೂರಿಸಿದ್ದು ಒಂದೂ ವಾಪಸ್ ಬಂದಿರಲಿಲ್ಲ. ಐದನೇ ಕ್ಲಾಸಿನ ನಡುವೆ ಮೇಷ್ಟರ ಜೊತೆ ಜಗಳ ಮಾಡಿ ಶಾಲೆ ಬಿಟ್ಟವನು ನಾನು. ಅವನು ಎರಡನೆಯದನ್ನೂ ಮುಗಿಸಿರಲಿಲ್ಲ. ಹಾಗಿದ್ದೂ ದೊಡ್ಡ ದೊಡ್ಡ ವರ್ಕ್‌ಶಾಪಿನ ಇಂಜಿನಿಯರುಗಳು ಅವನ ಹತ್ತಿರ ಬಂದು, ಚಡ್ಡಿ ಹಾಕಿದ ಮಕ್ಕಳ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರು ಬರುತ್ತಿದ್ದದ್ದು ಕೂದಲೆಳೆಯ ಹೆಸರು ಕೇಳಿ, ನನ್ನ ಬೋರ್ಡು ನೋಡಿ ಅಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಡಿಸುತ್ತಿತ್ತು ಎಂದು ಹೇಳಲಾರೆ.

ಕೆಲಸ ಮುಗಿಸಿ ಗೂಡಿನ ಮುಚ್ಚಳ ಹಾಕಿದ ಮೇಲೆ ಅವನದೊಂದು ಪದ್ಧತಿ ಇತ್ತು. ಮುಚ್ಚಳದ ಎಂಟು ಬೋಲ್ಟುಗಳ ತಲೆಯ ಮೇಲಿಂದ ಗೂಡಿನ ತನಕ ಹಳದಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದ. ಬೋಲ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರಿಯುತ್ತದೆ. ನೋಡಿದ ಕೂಡಲೆ ತಿಳಿಯುತ್ತದೆ. ಗೆರೆ ಎಳೆಯುವವರು ಬೇರೆಯವರೂ ಇದ್ದಾರೆ. ಇವನು ಮಾತ್ರ ಒಂದು ಸಲ ಎಳೆದು, ಒಣಗಲು ಬಿಟ್ಟು, ಅದರ ಮೇಲೆ ಮತ್ತೊಂದು ಸಲ, ಮತ್ತೆ ಒಣಗಿಸಿ ಮೂರನೇ ಸಲ ಎಳೆಯುತ್ತಿದ್ದ. ಹೊಲಿಗೆಯ ದಾರದ ಹಾಗೆ ಎದ್ದು ನಿಲ್ಲುತ್ತಿತ್ತು ಆ ಗೆರೆ. “ಏನಣ್ಣಾ, ಗಾಡಿಗೆ ಅಲಂಕಾರಾನಾ?” ಎಂದರೆ “ನನ್ನ ಸಹಿ ಕಣೋ” ಎನ್ನುತ್ತಿದ್ದ.

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು. ಎರಡೇ ಸೀಟಿನ ಕೆಂಪು ಓಟದ ಕಾರು. ವಾರವಿಡೀ ಜನರ ಬಾಯಲ್ಲಿ ಕೈಯಿಟ್ಟು ದುಡಿದು, ರಜೆಯ ದಿನ ಗುಡ್ಡ ಹತ್ತಿಸುವ ಪಂದ್ಯಕ್ಕೆ ಹೋಗುವ ಮನುಷ್ಯ. ಇಂಜಿನ್ನಿಗೆ ಟರ್ಬೊ ಹಾಕಿಸಿ ಬಲವನ್ನು ಒಂದೂವರೆಪಟ್ಟು ಮಾಡಿಸಿಕೊಂಡಿದ್ದರು. ಹಿಂದಿನ ಗೂಡು ಮಾತ್ರ ಕಂಪನಿ ಕೊಟ್ಟ ಹಳೆಯದೇ.

“ಎರಡು ಸಲ ಹಲ್ಲು ಮುರೀತು,” ಎಂದರು ಡಾಕ್ಟರು.

“ನಿಮ್ಮ ಹತ್ರಾನೇ ಹಲ್ಲು ಮುರಿದ್ರೆ ನಮ್ಮಂಥೋರು ಎಲ್ಲಿಗೆ ಹೋಗೋದು ಡಾಕ್ಟ್ರೇ?” ಎಂದ ಕೂದಲೆಳೆ.

“ಬಾಯಲ್ಲಿರೋದಾದ್ರೆ ನಾನೇ ಕಟ್ಟಿಬಿಡ್ತಿದ್ದೆ. ಇದು ನಮ್ಮ ಪೇಷಂಟುಗಳಿಗಿಂತ ಜಾಸ್ತಿ ಚೀರುತ್ತೆ.”

ಎಲ್ಲ ಗಟ್ಟಿ ಮಾಡಿಸುವುದೆಂದು ತೀರ್ಮಾನವಾಯಿತು. ದಪ್ಪ ಹಲ್ಲಿನ ಕ್ರೌನ್ ಮತ್ತು ಪಿನಿಯನ್, ಅದನ್ನು ಹೊರುವ ಬಡಿದು ಮಾಡಿದ ಉಕ್ಕಿನ ಕವಚ, ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಬಲ ಕೊಡುವ ಪ್ಲೇಟುಗಳು, ಎರಡು ಬದಿಗೂ ದಪ್ಪನೆಯ ದಂಡ. ಸಾಮಾನು ಹಡಗಿನಲ್ಲಿ ಬರಲು ಮೂರು ತಿಂಗಳು ಹಿಡಿಯಿತು. ಮರದ ಪೆಟ್ಟಿಗೆ ಬಿಚ್ಚಿದ ದಿನ ಆ ಕ್ರೌನ್ ನೋಡಿ ನಾನೇ ದಂಗಾದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಪೆಟ್ಟಿಗೆಯ ಮೇಲಿದ್ದ ನಂಬರನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಅದು ನನ್ನ ಅಭ್ಯಾಸ. ಯಾರನ್ನೂ ನಂಬದವನ ಅಭ್ಯಾಸ ಎನ್ನುತ್ತಾಳೆ ಹೆಂಡತಿ.

ಕೂದಲೆಳೆ ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದ. ಆಮೇಲೆ ಆ ಚಿಲಕದ ಸದ್ದು.

ಹತ್ತೊಂಬತ್ತು ವರ್ಷ ಆ ಕೋಣೆಯ ಬಾಗಿಲು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಹೋಗಿ ತಟ್ಟಿದೆ. ಎರಡು ಬೆರಳಷ್ಟು ತೆರೆಯಿತು. ಅವನ ಮೂಗು ಕಾಣಿಸಿತು.

“ಏನಣ್ಣಾ, ಬಾಗಿಲು?”

“ಧೂಳು ಬರುತ್ತೆ.”

“ಹತ್ತೊಂಬತ್ತು ವರ್ಷ ಬರದೇ ಇದ್ದ ಧೂಳು?”

“ಈಗ ಬರ್ತಾ ಇದೆ ತಮ್ಮಾ. ಯಜಮಾನ್ರು ಹೋಗಿ ಇಂಜಿನ್ ನೋಡ್ಕೊಳ್ಳಿ.”

ಮತ್ತೆ ಚಿಲಕ. ಸುತ್ತು ಹಾಕಿ ಕಿಟಕಿಯ ಕಡೆಗೆ ಹೋದರೆ ಗಾಜಿಗೆ ಒಳಗಿನಿಂದ ಹಳೆಯ ಪೇಪರು ಅಂಟಿಸಿಬಿಟ್ಟಿದ್ದಾನೆ! ಧೂಳು ಗಾಜಿನ ಮೂಲಕ ಬರುತ್ತದೆಯೇ? ನನ್ನ ತಲೆ ಅಲ್ಲಿಂದ ಕೆಟ್ಟಿತು.

ಆಮೇಲೆ ಚೀಲ. ಬೆಳಿಗ್ಗೆ ಬರುವಾಗ ಅವನ ಬಟ್ಟೆಯ ಚೀಲ ಹೆಗಲಿಗೆ ಹಗುರವಾಗಿ ಜೋತಾಡುತ್ತಿತ್ತು. ಸಂಜೆ ಹೋಗುವಾಗ ಅದೇ ಚೀಲ ಅವನನ್ನು ಒಂದು ಕಡೆಗೆ ವಾಲಿಸುತ್ತಿತ್ತು. ಎರಡು ದಿನ ನೋಡಿದೆ. ಮೂರನೇ ದಿನ ಗೇಟಿನ ಹತ್ತಿರ ಅಡ್ಡ ನಿಂತೆ.

“ಏನದು ಅಣ್ಣಾ, ಕಲ್ಲಾ?”

“ಊಟದ ಡಬ್ಬಿ.”

“ಊಟ ಆದ್ಮೇಲೆ ಡಬ್ಬಿ ಭಾರ ಆಗುತ್ತಾ?”

“ನಿಮ್ಮ ಅತ್ತಿಗೆ ಡಬ್ಬಿನೇ ಹಾಗೆ,” ಎಂದು ನಕ್ಕು ಪಕ್ಕದಿಂದ ನುಸುಳಿಕೊಂಡು ಹೋದ. ನಕ್ಕ ರೀತಿ ನನಗೆ ಸರಿಕಾಣಲಿಲ್ಲ. ಹೋಗುವಾಗ ಗೇಟಿನ ಕಂಬಕ್ಕೆ ಹೆಗಲು ತಾಗಿಸಿಕೊಂಡ. ಅವಸರದಲ್ಲಿ ಓಡುತ್ತಿದ್ದಾನೆ ಎಂದುಕೊಂಡೆ.

ಅದರ ಮರುದಿನ ಗುಜರಿಯವನು ಬಂದ, ನಮ್ಮ ಬೀದಿಯ ಹಳೆ ಕಬ್ಬಿಣವೆಲ್ಲ ಕೊನೆಗೆ ಸೇರುವುದು ಅವನ ಅಂಗಡಿಗೇ. ಚಹಾ ಕೊಟ್ಟೆ. ಕುಡಿಯುತ್ತ ಕುಡಿಯುತ್ತ ಬಾಯಿಬಿಟ್ಟ.

“ನಿಮ್ಮ ಷಡ್ಡಕರು ಮೊನ್ನೆ ಬಂದಿದ್ರು ಸಾರ್. ಡಾಕ್ಟ್ರ ಗಾಡಿಗೆ ಕೂರೋ ಥರದ್ದು ಹಳೇ ಕ್ರೌನ್ ಇದ್ರೆ ಬೇಕು ಅಂದ್ರು. ಹಲ್ಲು ಪೂರ್ತಿ ಇರ್ಬೇಕಂತೆ.”

“ಕೊಟ್ಯಾ?”

“ಕೊಟ್ಟೆ. ಯಜಮಾನ್ರಿಗೆ ಹೇಳ್ಬೇಡ ಅಂದ್ರು. ನಾನ್ಯಾಕೆ ಸಾರ್ ಹೇಳ್ಲಿ?”

ನನ್ನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. ಬಿತ್ತು ಎಂದರೆ ನಾನೇ ಎಸೆದೆ. ಇನ್ನೇನು ಬೇಕು? ಬಾಗಿಲು ಹಾಕಿಕೊಂಡಿದ್ದಾನೆ, ಚೀಲ ಭಾರವಾಗಿದೆ, ಗುಟ್ಟಾಗಿ ಹಳೆಯ ಕ್ರೌನ್ ತಂದಿದ್ದಾನೆ. ಹಳೆಯದನ್ನು ತಿಕ್ಕಿ ತೊಳೆದು ಡಾಕ್ಟರ ಗಾಡಿಗೆ ಕೂರಿಸಿ, ಮೂರು ತಿಂಗಳು ಕಾದು ತರಿಸಿದ ಹೊಸದನ್ನು ಮನೆಗೆ ಹೊರುತ್ತಿದ್ದಾನೆ. ಒಂದಕ್ಕೊಂದು ಎಷ್ಟು ಚೆನ್ನಾಗಿ ಕಚ್ಚಿಕೊಂಡಿತೆಂದರೆ, ಅದರ ನಡುವೆ ಒಂದು ಕೂದಲೆಳೆಯೂ ತೂರುತ್ತಿರಲಿಲ್ಲ.

ಮಧ್ಯಾಹ್ನ ಮನೆಗೆ ಹೋದವನು ಕೈ ತೊಳೆಯದೆ ಹೇಳಿದೆ, “ನಿನ್ನ ಭಾವ ಕಳ್ಳ.”

ಹೆಂಡತಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ವಾಪಸ್ ಹಾಕಿದಳು. “ಬಾಯಿ ಮುಕ್ಕಳಿಸಿಕೊಂಡು ಬನ್ನಿ. ಆ ಮಾತಾಡಿದ ಬಾಯಿಗೆ ನಾನು ಬಡಿಸಲ್ಲ.”

“ಚೀಲದಲ್ಲಿ ಏನು ಹೊರ್ತಾ ಇದ್ದಾನೆ ಹೇಳು ಮತ್ತೆ?”

“ನಂಗೇನೂ ಗೊತ್ತಿಲ್ಲ.”

“ಗೊತ್ತಿಲ್ದೋರು ಇಷ್ಟು ಬೇಗ ಹೇಳಲ್ಲ ಕಣೆ.”

ಅವಳು ಒಲೆಯ ಕಡೆಗೆ ತಿರುಗಿಕೊಂಡಳು. ಆಗಲೇ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೆ; ಅವಳ ಬೆನ್ನು ನೋಡಿದರೆ ಮುಖ ಏನಾಗಿದೆ ಎಂದು ಹೇಳಬಲ್ಲೆ. ಇವಳಿಗೂ ಏನೋ ಗೊತ್ತಿದೆ. ಅಕ್ಕ, ತಂಗಿ, ಷಡ್ಡಕ, ಮೂವರೂ ಸೇರಿ ನನ್ನ ಕಣ್ಣಿಗೆ ಮಣ್ಣು ಹಾಕುತ್ತಿದ್ದಾರೆ. ತಟ್ಟೆ ದೂಡಿ ಗ್ಯಾರೇಜಿಗೆ ಹೊರಟೆ.

ನೇರವಾಗಿ ಕೇಳಬಹುದಿತ್ತು. ಊರಿಗೆಲ್ಲ ಕೂಗಾಡುವ ನಾನು ಅವನನ್ನು ಕೇಳಲಿಲ್ಲ. ಕಳ್ಳ ಎಂದು ಬಾಯಿಬಿಟ್ಟ ಮೇಲೆ ಅವನು ಕಳ್ಳನಲ್ಲದೆ ಹೋದರೆ? ಮೊದಲು ಸಾಕ್ಷಿ ಕೈಯಲ್ಲಿರಲಿ, ಆಮೇಲೆ ನಡುಬೀದಿಯಲ್ಲಿ ಮರ್ಯಾದೆ ಕಳೆಯೋಣ ಎಂದುಕೊಂಡೆ. ಹತ್ತೊಂಬತ್ತು ವರ್ಷದ ಹೆಸರು ಒಂದೇ ದಿನದಲ್ಲಿ ಹೋಗಲಿ.

ಶನಿವಾರ ಸಂಜೆ ಅವನು ಕೆಲಸ ಮುಗಿಸಿ ಗೂಡನ್ನು ಗಾಡಿಗೆ ಏರಿಸಿದ. ಎಂಟು ಬೋಲ್ಟಿಗೂ ಹಳದಿ ಗೆರೆ. “ಸೋಮವಾರ ಕೊಟ್ಬಿಡು ತಮ್ಮಾ. ಇನ್ನು ಗುಡ್ಡ ಅಲ್ಲ, ಗೋಡೆ ಹತ್ತಿಸಿದ್ರೂ ಹಲ್ಲು ಮುರಿಯಲ್ಲ,” ಎಂದು ಚೀಲ ಹೆಗಲಿಗೇರಿಸಿ ಹೋದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೊಬ್ಬನೇ ಗ್ಯಾರೇಜಿಗೆ ಬಂದೆ. ಗಾಡಿಯನ್ನು ಮೇಲೆತ್ತಿದೆ. ಎಣ್ಣೆ ಇಳಿಸಿ ಎಂಟೂ ಬೋಲ್ಟು ಬಿಚ್ಚಿದೆ. ಒಂದೊಂದು ಗೆರೆಯೂ ಕಟ್ ಎಂದು ಮುರಿಯಿತು. ಮುಚ್ಚಳ ತೆಗೆದರೆ ಒಳಗೆ ಕ್ರೌನ್ ಹೊಳೆಯುತ್ತಿದೆ. ಹೊಳೆದರೆ ಆಯಿತೇ? ತಿಕ್ಕಿದರೆ ಹಳೆಯದೂ ಹೊಳೆಯುತ್ತದೆ. ನಂಬರು ಕೊರೆದಿರುವುದು ಕ್ರೌನಿನ ಬೆನ್ನಿಗೆ. ಹೊರಗೆ ತೆಗೆಯದೆ ಕಾಣುವುದಿಲ್ಲ. ಎರಡು ಬದಿಯಲ್ಲಿ ಅದನ್ನು ಹಿಡಿದಿರುವ ಕಮಾನುಗಳನ್ನು ಬಿಚ್ಚಿದೆ. ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು ಚುಕ್ಕಿ ಹೊಡೆದಿದ್ದ. ಅದು ಯಾವುದು ಯಾವ ಬದಿಯದೆಂಬ ಗುರುತು, ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವುದೇ. ಸಲಾಕೆ ಹಾಕಿ ಮೀಟಿದೆ. ಕ್ರೌನ್ ಕೈಗೆ ಬಂತು. ಅದರ ಜೊತೆಗೆ ಎರಡೂ ಶಿಮ್ಮುಗಳು ಜಾರಿ ಕೆಳಗಿನ ಎಣ್ಣೆಯ ತಟ್ಟೆಗೆ ಬಿದ್ದವು.

ನಂಬರ್ ಓದಿದೆ. ಗೋಡೆಯ ಮೇಲಿನದನ್ನು ಓದಿದೆ. ಮತ್ತೆ ಇದನ್ನು ಓದಿದೆ.

ಒಂದೇ.

ಕವಚ ಹೊಸದು, ಪ್ಲೇಟು ಹೊಸದು, ದಂಡ ಹೊಸದು. ಒಂದು ಬೋಲ್ಟೂ ಹಳೆಯದಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ನಾಚಿಕೆಯಾಗಬೇಕು. ನನಗೆ ಕೋಪ ಬಂತು. ಹಾಗಾದರೆ ಆ ಹಳೆ ಕ್ರೌನ್ ಯಾಕೆ? ಬಾಗಿಲು ಯಾಕೆ? ಇನ್ನೇನೋ ಇದೆ, ನನಗೆ ತಿಳಿಯದ್ದು ಇನ್ನೂ ದೊಡ್ಡದೇ ಇದೆ ಎಂದುಕೊಂಡೇ ವಾಪಸ್ ಜೋಡಿಸಲು ಕೂತೆ.

ಶಿಮ್ಮುಗಳನ್ನು ತಟ್ಟೆಯಿಂದ ಎತ್ತಿ ಒರೆಸಿದೆ. ಎರಡೂ ಒಂದೇ ಅಗಲ, ಒಂದೇ ಬಣ್ಣ. ದಪ್ಪದಲ್ಲಿ ಮಾತ್ರ ಕಣ್ಣಿಗೆ ಕಾಣದಷ್ಟು ಫರಕು. ಯಾವುದು ಎಡ, ಯಾವುದು ಬಲ? ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಏನೂ ಬರೆದಿಲ್ಲ, ಬಣ್ಣದ ಗುರುತಿಲ್ಲ. ಅಂಚಿನಲ್ಲಿ ಎರಡು ಮೂರು ಕಡೆ ಅರ ತಾಗಿದ ಹಾಗೆ ಸಣ್ಣ ಗಾಯಗಳಿದ್ದವು, ಅಷ್ಟೇ. ಸಂದು ಅಳೆಯುವ ಗೇಜು ಅವನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ. ಹೀಗಿರಬೇಕು ಎಂದು ಅಂದಾಜಿನ ಮೇಲೆ ಕೂರಿಸಿದೆ. ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ಇಪ್ಪತ್ತೈದು ವರ್ಷ ಗಾಡಿ ಬಿಚ್ಚಿದ ಕೈ. ಸರಿಯಿದೆ ಎಂದಿತು ಆ ಕೈ.

ಮುಚ್ಚಳ ಹಾಕಿ ಎಣ್ಣೆ ತುಂಬಿದೆ. ಮುರಿದ ಗೆರೆಗಳನ್ನು ಕೆರೆದು, ನಂಬರ್ ಪ್ಲೇಟು ಬರೆಯುವ ಹಳದಿ ಡಬ್ಬಿ ತಂದು ಎಂಟು ಗೆರೆ ಎಳೆದೆ. ಅದೇ ಜಾಗ, ಅದೇ ಉದ್ದ. ಒಣಗಿದ ಮೇಲೆ ಸ್ವಲ್ಪ ಧೂಳನ್ನೂ ಸವರಿದೆ. ದೂರ ನಿಂತು ನೋಡಿದರೆ ಅವನಿಗೂ ಗೊತ್ತಾಗದಂತಿತ್ತು.

ಸೋಮವಾರ ಡಾಕ್ಟರು ಗಾಡಿ ಒಯ್ದರು. ಗುರುವಾರ ಹನ್ನೊಂದು ಗಂಟೆಗೆ ಬೀದಿಯ ತುದಿಯಿಂದಲೇ ಅದರ ಅಳು ಕೇಳಿಸಿತು. ಚಹಾದಂಗಡಿಯವರು ಎದ್ದು ನಿಂತರು. ಗುಜರಿಯವನು ತಕ್ಕಡಿ ಬಿಟ್ಟು ಬಂದ. ಗಾಡಿ ಆಮೆಯಂತೆ ಅಂಗಳಕ್ಕೆ ಬಂದು ನಿಂತಿತು. ಹಿಂದಿನಿಂದ ಸುಟ್ಟ ಎಣ್ಣೆಯ ವಾಸನೆ.

“ಎರಡನೇ ತಿರುವಿಗೇ ಶುರುವಾಯ್ತು,” ಡಾಕ್ಟರ ಮುಖ ಕೆಂಪಾಗಿತ್ತು. “ಮೂರು ತಿಂಗಳು ಕಾದು ತರಿಸಿದ್ದು ರೀ. ನಾಲ್ಕು ದಿನ ಬರಲಿಲ್ಲ. ಯಾರು ಕೂರಿಸಿದ್ದು ಇದನ್ನ?”

“ನಾನೇ,” ಎಂದ ಕೂದಲೆಳೆ.

ಅವನು ಗಾಡಿಯಡಿಗೆ ಮಲಗಿ ಜಾರಿದ. ನಾನೂ ಬಗ್ಗಿದೆ. ಮುಚ್ಚಳ ಬಿಚ್ಚುವ ಮೊದಲು ಅವನು ಒಂದು ಕೆಲಸ ಮಾಡಿದ. ಬಲಗೈಯ ತೋರುಬೆರಳಿನ ಉಗುರನ್ನು ಹಳದಿ ಗೆರೆಯ ಮೇಲೆ ಅಡ್ಡಕ್ಕೆ ಎಳೆದ. ಒಂದನೇ ಬೋಲ್ಟು, ಎರಡನೆಯದು, ಮೂರನೆಯದು. ನಾಲ್ಕನೆಯದರ ಹತ್ತಿರ ಕೈ ನಿಂತಿತು. ಮತ್ತೆ ಒಂದನೆಯದಕ್ಕೆ ಹೋಗಿ ಇನ್ನೊಮ್ಮೆ ಎಳೆದ. ಆಮೇಲೆ ತಲೆ ಹೊರಳಿಸಿ ನಾನು ಬಗ್ಗಿದ್ದ ಕಡೆಗೆ ನೋಡಿದ. ನನ್ನ ಮುಖವನ್ನಲ್ಲ, ನನ್ನ ಕಿವಿಯ ಪಕ್ಕದಲ್ಲೆಲ್ಲೋ.

ಬಿಚ್ಚಿದ. ಕ್ರೌನಿನ ಏಳು ಹಲ್ಲುಗಳ ಅಂಚು ಕಿತ್ತುಹೋಗಿತ್ತು. ಎಡಗಡೆಯ ಶಿಮ್ ತೆಗೆದು ಅಂಚಿನ ಸುತ್ತ ಉಗುರು ಆಡಿಸಿದ. ಬಲಗಡೆಯದನ್ನೂ ಹಾಗೆಯೇ. ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ಬಟ್ಟೆಗೆ ಕೈ ಒರೆಸಿಕೊಂಡ.

“ಶಿಮ್ ಅದಲು ಬದಲಾಗಿದೆ ಡಾಕ್ಟ್ರೇ. ನಂದೇ ತಪ್ಪು.”

“ನಿಮ್ಮಂಥೋರಿಗೆ ಇದು ಹೇಗಾಗುತ್ತೆ?”

ಅವನು ಮುಷ್ಟಿಯಲ್ಲಿದ್ದ ಶಿಮ್ಮುಗಳನ್ನು ಮೆಲ್ಲಗೆ ಹೊರಳಿಸುತ್ತ ನಿಂತ. ಆ ಹೊತ್ತು ನನ್ನದಾಗಿತ್ತು. ನಾನು ಬಾಯಿ ತೆರೆಯಬಹುದಾದಷ್ಟು ಉದ್ದವಿತ್ತು ಅದು. ಹೋದವರು ಬಂದವರ ಮೇಲೆಲ್ಲ ಹಾರಾಡುವ ನನ್ನ ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡುಬಿಟ್ಟಿತ್ತು.

“ಕಣ್ಣು ಕಾಣಲ್ಲ ನಂಗೆ,” ಎಂದ ಅವನು, ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವಂತೆ. “ಎರಡು ವರ್ಷ ಆಯ್ತು. ನಡುವೆ ಎಲ್ಲಾ ಮಸುಕು. ಹೇಳ್ದೆ ಕೆಲಸ ಮಾಡ್ತಾ ಇದ್ದೆ. ಮಾಡ್ಬಾರ್ದಿತ್ತು.”

ಗುಜರಿಯವನು ಲೊಚಗುಟ್ಟಿದ. ಡಾಕ್ಟರಿಗೆ ಬೈಯಬೇಕೋ ಕೈ ಹಿಡಿಯಬೇಕೋ ತಿಳಿಯಲಿಲ್ಲ. ಕೊನೆಗೆ “ಕಣ್ಣಿನ ಡಾಕ್ಟ್ರು ಒಬ್ರು ನನಗೆ ಗೊತ್ತು,” ಎಂದರು. “ತೋರಿಸಿ ಆಗಿದೆ ಸಾರ್,” ಎಂದ ಕೂದಲೆಳೆ. ತನ್ನ ಪೆಟ್ಟಿಗೆಗೆ ಬೀಗ ಹಾಕಿ, ಚೀಲ ತೆಗೆದುಕೊಂಡು, ಗೇಟಿನ ಕಂಬವನ್ನು ಕೈಯಿಂದ ಮುಟ್ಟಿ ನೋಡಿ ದಾಟಿ ಹೋದ. ಅಂದು ಹೋದವನು ಮತ್ತೆ ಕೆಲಸಕ್ಕೆ ಬರಲಿಲ್ಲ. ವಾರದೊಳಗೆ ಸುದ್ದಿ ಊರೆಲ್ಲ ಹರಡಿತು: ಕೂದಲೆಳೆಗೆ ಕಣ್ಣಿಲ್ಲ. ಆ ಇಂಜಿನಿಯರುಗಳಲ್ಲಿ ಒಬ್ಬರೂ ಆಮೇಲೆ ಅವನ ಬಾಗಿಲಿಗೆ ಹೋಗಲಿಲ್ಲ. ಡಾಕ್ಟರು ಬೇರೆ ಕಡೆ ಮಾಡಿಸಿಕೊಂಡರು.

ಮನೆಗೆ ಹೋಗಿ ಹೆಂಡತಿಯ ಮೇಲೆ ಎಗರಿದೆ. “ನಿಂಗೂ ಗೊತ್ತಿತ್ತು!”

“ಗೊತ್ತಿತ್ತು. ಅಕ್ಕ ಆಣೆ ಹಾಕಿಸಿದ್ಳು.”

“ನನಗೆ ಹೇಳಿದ್ರೆ ಏನಾಗ್ತಿತ್ತು?”

“ಏನಾಗ್ತಿತ್ತು? ಬೀದಿ ತುದೀವರೆಗೂ ಕೇಳೋ ಹಾಗೆ ಕೂಗ್ತಿದ್ರಿ. ಅದಕ್ಕೇ ಅವರು ಬಾಗಿಲು ಹಾಕ್ಕೊಂಡಿದ್ದು. ಹಳೇ ಥರದ್ದು ಕೈಗೇ ಪಾಠ ಆಗಿತ್ತು, ಈ ಹೊಸದಕ್ಕೆ ದೀಪ ಹಚ್ಕೊಂಡು ಭೂತಗನ್ನಡಿ ನೇತುಹಾಕ್ಕೊಂಡು ಗೇಜಿಗೆ ಮೂಗು ತಾಗಿಸಿ ನೋಡ್ತಿದ್ರಂತೆ. ಯಾರಾದ್ರೂ ನೋಡಿದ್ರೆ ಹೆಸರು ಹೋಗುತ್ತೆ ಅಂತ.” ಕಣ್ಣೊರೆಸಿಕೊಂಡಳು. “ಆದ್ರೂ ಭಾವ ತಪ್ಪು ಮಾಡಿದ್ರು ಅಂದ್ರೆ ನಂಬೋಕೇ ಆಗಲ್ಲ ರೀ.”

ಭಾನುವಾರದ ಸಂಗತಿಯನ್ನು ನಾನು ಅವಳಿಗೂ ಹೇಳಲಿಲ್ಲ.

ಎರಡು ವಾರ ಕಳೆದು ಅವನ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ, ಅದನ್ನು ಯಾರೂ ನಂಬದಿದ್ದರೂ ನಿಜ. ಚಿಕ್ಕ ಮನೆ, ಕಿಟಕಿಯ ಕೆಳಗೆ ಊಟದ ಮೇಜು. ಮೇಜಿನ ಮೇಲೆ, ಪೇಪರು ಹಾಸಿ, ಗುಜರಿಯಿಂದ ತಂದ ಹಳೆಯ ಕ್ರೌನ್ ಇತ್ತು. ಅವನು ಬಚ್ಚಲಲ್ಲಿದ್ದ. ಅತ್ತಿಗೆ ಕುರ್ಚಿ ಎಳೆದು ಕೊಟ್ಟರು.

“ಇದರ ಮೇಲೇ ಅಭ್ಯಾಸ ಮಾಡ್ತಿದ್ರು,” ಎಂದರು. “ಸಂಜೆ ಬಂದು ಕೂತರೆ ಹಲ್ಲು ಹಲ್ಲೂ ಬೆರಳಲ್ಲಿ ಓದೋದು. ಹೊಸ ಸಾಮಾನನ್ನೂ ದಿನಾ ಒಂದೊಂದಾಗಿ ಹೊತ್ಕೊಂಡು ಬರ್ತಿದ್ರು, ಕೊನೆಗೆ ಒಂದು ಬೆಳಿಗ್ಗೆ ನೀವು ಬರೋ ಮುಂಚೆ ಎಲ್ಲಾ ವಾಪಸ್ ಒಯ್ದ್ರು. ಅದರ ಮೇಲಿನ ಅಂಕಿ ನಾನು ಓದಬೇಕು, ಬಳೆ ದಪ್ಪ ಅಳೆಯೋ ಸ್ಕ್ರೂ ಗೇಜೂ ನಾನೇ ನೋಡಿ ಹೇಳಬೇಕು. ಸೊನ್ನೆ ಪಾಯಿಂಟ್ ಎಷ್ಟೋ ಅಂತ ಹೇಳೀ ಹೇಳೀ ನಂಗೆ ಕನಸಲ್ಲೂ ಅದೇ.” ನಗಲು ನೋಡಿದರು. “ಮರೀಬಾರ್ದು ಅಂತ ಬಳೆ ಅಂಚಲ್ಲಿ ಅರದಲ್ಲಿ ಗೀರು ಹಾಕೋರು. ಎಡಕ್ಕೆ ಒಂದು, ಬಲಕ್ಕೆ ಎರಡು. ಉಗುರಿಗೆ ಸಿಗೋ ಹಾಗೆ. ಅಷ್ಟು ಮಾಡಿಯೂ ಹೇಗೆ ಅದಲು ಬದಲಾಯ್ತೋ.”

ಅರ ತಾಗಿದ ಗಾಯವೆಂದು ನಾನು ನೋಡಿದ್ದು ಅದನ್ನೇ. ಕಣ್ಣಿಗೆ ಬರೆದದ್ದನ್ನು ಹುಡುಕಿದ್ದೆ; ಅವನು ಬೆರಳಿಗೆ ಬರೆದಿದ್ದ. ಒಂದು ಚುಕ್ಕಿಯ ಕಮಾನಿಗೆ ಒಂದು ಗೀರಿನ ಬಳೆ, ಎರಡು ಚುಕ್ಕಿಗೆ ಎರಡು ಗೀರು. ಇಷ್ಟನ್ನು ಓದಲು ಐದನೇ ಕ್ಲಾಸೂ ಬೇಡ. ಹಳದಿ ಗೆರೆ ದಾರದಂತೆ ಎದ್ದು ನಿಲ್ಲುತ್ತಿ‌ದ್ದದ್ದೂ ಇದಕ್ಕೇ. ನನ್ನದು ಒಂದೇ ಸಲ ಎಳೆದ ಗೆರೆ, ಉಗುರಿಗೆ ನುಣ್ಣಗೆ ತಾಗಿರಬೇಕು.

ಅವನು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತ.

“ಏನು, ಯಜಮಾನ್ರು ಬಡವರ ಮನೆಗೆ?”

“ಹೀಗೇ ಅಣ್ಣಾ.”

ಅತ್ತಿಗೆ ಚಹಾ ಮಾಡಲು ಒಳಗೆ ಹೋದರು. ಅವನು ಮೇಜಿನ ಮೇಲಿನ ಕ್ರೌನನ್ನು ಬೆರಳಲ್ಲಿ ಒಂದೆರಡು ಹಲ್ಲು ತಿರುಗಿಸಿದ. ಬಹಳ ಮೆಲ್ಲಗೆ, ಹೊಸ ಸಾಬೂನು ಎಲ್ಲಿ ಸಿಗುತ್ತದೆ ಎಂದು ಕೇಳುವ ಹಾಗೆ, ಕೇಳಿದ:

“ಆ ಹಳದಿ ಯಾವ್ದು ತಮ್ಮಾ?”

“ಯಾವ ಹಳದಿ?” ಎಂದೆ.

ಅವನು ನನ್ನ ಕಿವಿಯ ಪಕ್ಕದಲ್ಲೆಲ್ಲೋ ನೋಡಿದ. “ಏನಿಲ್ಲ ಬಿಡು,” ಎಂದ. “ಸಕ್ಕರೆ ಎಷ್ಟು ಹಾಕಿಸ್ಲಿ?”

ಅವನು ಬಾಗಿಲು ತೆರೆದು ಹಿಡಿದದ್ದು ಅದೊಂದೇ ಸಲ. ಈ ಸಲ ಚಿಲಕ ಹಾಕಿದವನು ನಾನು.

ಆಮೇಲೆ ಅವನು ಸೈಕಲ್ ಅಂಗಡಿಯೊಂದರಲ್ಲಿ ಕೂತ. ಡೊಂಕಾದ ಚಕ್ರಗಳ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿ, ಬಿಗಿ ಮಾಡಿ ನೇರ ಮಾಡುತ್ತಿದ್ದ. ಬೇರೆಯವರು ಕೈಬಿಟ್ಟ ಚಕ್ರಗಳು ಅವನ ಹತ್ತಿರ ಬರುತ್ತಿದ್ದವಂತೆ. ನಾನು ಆ ಬೀದಿಯಲ್ಲಿ ಹೋಗುತ್ತಿರಲಿಲ್ಲ. ಮನೆಯ ಕಾರ್ಯಗಳಲ್ಲಿ ಸಿಕ್ಕರೆ ಮಾತಾಡುತ್ತಿದ್ದ, ಮೊದಲಿನ ಹಾಗೇ ತಮಾಷೆ ಮಾಡುತ್ತಿದ್ದ. ಹಳದಿಯ ಮಾತು ಮತ್ತೆ ಎತ್ತಲಿಲ್ಲ. ಕೆಲವು ಸಲ ಅನ್ನಿಸುತ್ತದೆ, ಒಂದು ಸಲ ಕೊರಳಪಟ್ಟಿ ಹಿಡಿದು ಕೇಳಿದ್ದರೆ ನಾನೂ ಕೂಗಾಡಿ ಒಪ್ಪಿಕೊಂಡುಬಿಡುತ್ತಿದ್ದೆ ಎಂದು. ಮೆತ್ತಗೆ ಕೇಳಿದವರಿಗೆ ಉತ್ತರ ಕೊಡುವುದು ನನಗೆ ಬರುವುದಿಲ್ಲ.

ಕಳೆದ ವರ್ಷ ಜ್ವರ ಬಂತು, ಹತ್ತು ದಿನ ಮಲಗಿದ, ಹೋದ. ಒಂದು ತಿಂಗಳಾದ ಮೇಲೆ ಅತ್ತಿಗೆ ನನ್ನನ್ನು ಕರೆಸಿ ಒಂದು ಬಟ್ಟೆಯ ಗಂಟು ಕೊಟ್ಟರು.

“ನಿಮಗೆ ಕೊಡು ಅಂದಿದ್ರು.”

ಬಿಚ್ಚಿದೆ. ಎರಡು ಶಿಮ್. ಡಾಕ್ಟರ ಗಾಡಿಯವು. ಅಂದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದನ್ನು ಮನೆಗೇ ತಂದಿದ್ದ.

“ನಿಮಗೂ ಗೊತ್ತಿತ್ತಾ ಅತ್ತಿಗೆ?”

“ಕೊನೇ ವಾರ ಹೇಳಿದ್ರು.” ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಅವರ ಕಣ್ಣು ಚೆನ್ನಾಗಿ ಕಾಣುತ್ತದೆ. “ಕಣ್ಣಿನ ಜೊತೆ ನನ್ನ ಹೆಸರು ಹೇಗೂ ಹೋಗೋದೇ ಇತ್ತು, ತಮ್ಮನ ಗ್ಯಾರೇಜಿನದು ಯಾಕೆ ಹೋಗ್ಬೇಕು ಅಂದ್ರು. ಅಷ್ಟೇ. ಬೈಯಲಿಲ್ಲ.” ಸ್ವಲ್ಪ ತಡೆದು, “ನಾನು ಬೈದೆ,” ಎಂದರು.

ತಲೆ ತಗ್ಗಿಸಿ ಎದ್ದು ಬಂದೆ. 

ಆ ಶಿಮ್ಮುಗಳು ನನ್ನ ಮೇಜಿನ ಖಾನೆಯಲ್ಲಿವೆ. ನೋಡದೆ ಖಾನೆಯೊಳಗೆ ಕೈ ಹಾಕಿ ಎಡದ್ದು ಯಾವುದು, ಬಲದ್ದು ಯಾವುದು ಎಂದು ಈಗ ಉಗುರಿನಿಂದಲೇ ಹೇಳಬಲ್ಲೆ. ಹಿಂದಿನ ಕೋಣೆಯ ಚಿಲಕವನ್ನು ಕಿತ್ತುಹಾಕಿದ್ದೇನೆ. ಬಾಗಿಲು ಹಾಕಿಕೊಂಡನಲ್ಲ, ನನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂಬ ಕೋಪ ಮಾತ್ರ ಹಾಗೆಯೇ ಇದೆ. ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರವೂ ಹಾಗೆಯೇ ಇದೆ. ದೊಡ್ಡದೇನಲ್ಲ. ಚಹಾ ಬರುವುದರೊಳಗೆ ಮುಗಿಯುವಷ್ಟು ಚಿಕ್ಕದು.

“ನಂಬರ್ ಪ್ಲೇಟಿನ ಡಬ್ಬೀದು ಅಣ್ಣಾ.”